ಮಂಗಳೂರಿನ ಪೆಟ್ಟಿಗೆ, ಬೆಂಗಳೂರಿನ ಗಾಳಿ

ಅಣ್ಣನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತು. ಹೊರಡುವಾಗ ತನ್ನ ಬಾಲ್ ಪೈಥಾನ್ ಹಾವನ್ನು ನನಗೆ ಒಪ್ಪಿಸಿ, ‘ಹತ್ತು ದಿನಕ್ಕೊಂದು ಇಲಿ, ಬಟ್ಟಲಲ್ಲಿ ನೀರು. ಅಷ್ಟೇ ಮಾರಾಯ’ ಎಂದ. ಮಂಗಳೂರಿನ ಮನೆಯಲ್ಲಿ ಅಷ್ಟೇ ಸಾಕಾಗಿತ್ತು. ಕೋಚಿಂಗ್‌ಗೆಂದು ನಾನು ಬೆಂಗಳೂರಿಗೆ ಬಂದಾಗ ಹಾವಿನ ಪೆಟ್ಟಿಗೆಯೂ ಜೊತೆಗೆ ಬಂತು.

ಮಾರ್ಚ್‌ನಲ್ಲಿ ಅದು ಪೊರೆ ಬಿಟ್ಟಿತು. ಊರಿನಲ್ಲಿ ಕಾಲುಚೀಲ ಕಳಚಿದಂತೆ ಇಡಿಯಾಗಿ ಬರುತ್ತಿದ್ದ ಪೊರೆ ಇಲ್ಲಿ ಚೂರುಚೂರಾಗಿ ಮೈಗೆ ಅಂಟಿಕೊಂಡಿತು. ಹಾವಿಗೆ ರೆಪ್ಪೆಯಿಲ್ಲ, ಕಣ್ಣಿನ ಮೇಲಿನ ತೆಳುಪೊರೆಯೂ ಪ್ರತಿ ಸಲ ಕಳಚಬೇಕು. ಅದೂ ಹಾಗೇ ಉಳಿದಿತ್ತು. ಉಗುರಿನಿಂದ ಬಿಡಿಸಲು ಹೋದೆ. ಫೋನಿನಲ್ಲಿದ್ದ ಅಣ್ಣ ‘ಮುಟ್ಟಬೇಡ, ಕಣ್ಣು ಹೋದೀತು!’ ಎಂದು ಕೂಗಿದ.

ಪಶುವೈದ್ಯರು ಮೊದಲು ಕೇಳಿದ್ದು, ‘ಪೆಟ್ಟಿಗೆಯೊಳಗೆ ತೇವಾಂಶ ಎಷ್ಟಿದೆ?’ ನಾನು ಒಮ್ಮೆಯೂ ಅಳೆದಿರಲಿಲ್ಲ. ಡಿಜಿಟಲ್ ಮಾಪಕ ತಂದಿಟ್ಟರೆ ಬರೀ ಶೇ 32!

ಪಶ್ಚಿಮ ಆಫ್ರಿಕಾ ಮೂಲದ ಈ ಹಾವಿಗೆ ಸುಮಾರು ಶೇ 60 ತೇವಾಂಶ ಬೇಕು. ಪೊರೆ ಬಿಡುವಾಗ ಇನ್ನೂ ತುಸು ಹೆಚ್ಚು. ಮಂಗಳೂರಿನ ಕಡಲಗಾಳಿ ಅದನ್ನು ತಾನೇ ಒದಗಿಸುತ್ತಿತ್ತು. ಬೆಂಗಳೂರಿನ ಬೇಸಿಗೆಯ ಗಾಳಿ ಒಣಗಾಳಿ. ಅದರ ಮೇಲೆ ಬಲ್ಬಿನ ಶಾಖ. ಗಾಳಿ ಬಿಸಿಯಾದಷ್ಟೂ ಅದರ ಸಾಪೇಕ್ಷ ತೇವಾಂಶ ಇಳಿಯುತ್ತದೆ. ಇದ್ದಬದ್ದ ತೇವವೂ ಮೇಲಿನ ಜಾಲರಿ ಮುಚ್ಚಳದಿಂದ ಹೊರಹೋಗುತ್ತಿತ್ತು.

ವೈದ್ಯರ ಸಲಹೆಯಂತೆ, ಬಲ್ಬಿನಿಂದ ದೂರದ ಜಾಲರಿಯನ್ನು ಗಾಳಿಯಾಡಲು ಸ್ವಲ್ಪ ಬಿಟ್ಟು ಮುಚ್ಚಿದೆ. ಅಡಿಗೆ ಹಾಸಿದ್ದ ಪೇಪರ್ ತೆಗೆದು ತೆಂಗಿನ ನಾರಿನ ಪುಡಿ ಹರಡಿದೆ. ಅಗಲವಾದ ನೀರಿನ ಬಟ್ಟಲು ಇಟ್ಟೆ. ಒಂದು ಡಬ್ಬಿಗೆ ಬಾಗಿಲು ಕೊರೆದು ಒಳಗೆ ಒದ್ದೆ ಪಾಚಿ ತುಂಬಿದೆ. ಉತ್ಸಾಹದಲ್ಲಿ ದಿನಕ್ಕೆ ನಾಲ್ಕು ಸಲ ನೀರು ಚಿಮುಕಿಸಿದಾಗ ವೈದ್ಯರು ಗದರಿದರು: ನೆಲ ಸದಾ ಒದ್ದೆಯಾಗಿದ್ದರೆ ಹೊಟ್ಟೆಯ ಚರ್ಮ ಕೊಳೆಯುತ್ತದೆ. ಬೇಕಿರುವುದು ಗಾಳಿಯಲ್ಲಿ ತೇವ, ನೆಲದಲ್ಲಿ ಕೆಸರಲ್ಲ.

ಹಾವು ಸಾಕಬೇಕೆನ್ನುವ ಗೆಳೆಯರಿಗೆ ಒಂದು ಮಾತು. ನಮ್ಮ ಕಾಡಿನ ಹಾವು, ನಕ್ಷತ್ರ ಆಮೆಗಳನ್ನು ಮನೆಯಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಬಾಲ್ ಪೈಥಾನ್‌ನಂಥ ವಿದೇಶಿ ಜೀವಿಯನ್ನೂ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಕೈ ಬದಲಾದರೆ ಅದನ್ನೂ ತಿಳಿಸಬೇಕು.

ಮುಂದಿನ ಸಲ ಪೊರೆ ಇಡಿಯಾಗಿ ಬಂತು, ಎರಡೂ ಕಣ್ಣಿನ ಪೊರೆ ಸಮೇತ. ಫೋಟೊ ಕಳಿಸಿದೆ. ‘ಮಾಪಕ ಎಷ್ಟು ತೋರಿಸ್ತಿದೆ?’ ಎಂದು ಕೇಳಿದ ಅಣ್ಣ. ಈ ಸಲ ಉತ್ತರ ಗೊತ್ತಿತ್ತು: 64.