ಮನೆಗೆ ತಂದ ನಾಯಿಮರಿ ಮತ್ತು ಚಿಕ್ಕ ಮಕ್ಕಳು: ಪೋಷಕರು ಅನುಸರಿಸಬೇಕಾದ ಕ್ರಮಗಳು

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಹಾಗೂ ಶಿಡ್ಲಘಟ್ಟ ತಾಲ್ಲೂಕುಗಳಲ್ಲಿ ತೋಟ, ಕೊಟ್ಟಿಗೆ ಮತ್ತು ಹುಳುಮನೆಗಳ ಕಾವಲಿಗಾಗಿ ನಾಯಿಮರಿಯನ್ನು ತಂದು ಸಾಕುವುದು ರೂಢಿಯಲ್ಲಿದೆ. ರೇಷ್ಮೆಹುಳು ಹಣ್ಣಾಗುವ ದಿನಗಳಲ್ಲಿ ಹಿರಿಯರೆಲ್ಲರೂ ಚಂದ್ರಿಕೆಗೆ ಹುಳು ಬಿಡುವ ಕೆಲಸದಲ್ಲಿರುವಾಗ ಮಗು ಮತ್ತು ಮರಿ ಮಾತ್ರ ಅಂಗಳದಲ್ಲಿ ಉಳಿಯುವುದುಂಟು. ಮರಿಯು ಕೈ ಕಚ್ಚುವುದು, ಲಂಗದ ಅಂಚು ಹಿಡಿದು ಎಳೆಯುವುದು ಹೆಚ್ಚಾಗಿ ಇಂತಹ ಸಮಯದಲ್ಲಿಯೇ.

ಮರಿ ಏಕೆ ಕಚ್ಚುತ್ತದೆ?

ಮರಿಗೆ ಬಾಯಿಯೇ ಕೈ. ಸುಮಾರು 4ನೇ ತಿಂಗಳಿನಿಂದ ಹಾಲುಹಲ್ಲು ಉದುರಿ ಶಾಶ್ವತ ಹಲ್ಲು ಮೂಡುವಾಗ ವಸಡು ನವೆಯಾಗಿ, ಸಿಕ್ಕಿದ್ದನ್ನೆಲ್ಲ ಅಗಿಯುತ್ತದೆ. ಎಷ್ಟು ಬಲವಾಗಿ ಕಚ್ಚಿದರೆ ನೋವಾಗುತ್ತದೆ ಎಂಬುದನ್ನು ಮರಿಯು ತಾಯಿ ಮತ್ತು ಒಡಹುಟ್ಟಿದ ಮರಿಗಳಿಂದ ಕಲಿಯುತ್ತದೆ. ಆದ್ದರಿಂದ 8 ವಾರ ತುಂಬುವ ಮೊದಲು ಮರಿಯನ್ನು ತಾಯಿಯಿಂದ ಬೇರ್ಪಡಿಸಬಾರದು.

ಅನುಸರಿಸಬೇಕಾದ ಕ್ರಮಗಳು

1. ಚಿಕ್ಕ ಮಗು ಮತ್ತು ಮರಿಯನ್ನು ಹಿರಿಯರ ಗಮನವಿಲ್ಲದೆ ಒಟ್ಟಿಗೆ ಬಿಡಬಾರದು. ಕೆಲಸದ ವೇಳೆಯಲ್ಲಿ ಮರಿಯನ್ನು ನೆರಳಿನಲ್ಲಿ, ನೀರಿನ ಸೌಲಭ್ಯದೊಂದಿಗೆ ಪ್ರತ್ಯೇಕವಾಗಿ ಇರಿಸತಕ್ಕದ್ದು.
2. ಮರಿ ಬಟ್ಟೆ ಎಳೆದಾಗ ಮಗು ಓಡಬಾರದು, ಕಿರುಚಬಾರದು. ಓಟ ಮತ್ತು ಕೂಗು ಮರಿಗೆ ಆಟದ ಕರೆಯಾಗುತ್ತವೆ. ಕೈಕಟ್ಟಿ ಕಂಬದಂತೆ ನಿಂತು ಹಿರಿಯರನ್ನು ಕರೆಯಲು ಮಗುವಿಗೆ ಅಭ್ಯಾಸ ಮಾಡಿಸುವುದು.
3. ಕಚ್ಚಿದ ಕೂಡಲೇ ಆಟ ನಿಲ್ಲಿಸಿ, ಅರ್ಧ ನಿಮಿಷ ಮುಖ ತಿರುಗಿಸಿ ನಿಲ್ಲುವುದು. ಮನೆಯವರೆಲ್ಲರೂ ಇದೇ ನಿಯಮ ಪಾಲಿಸಿದರೆ ಮಾತ್ರ ಮರಿ ಕಲಿಯುತ್ತದೆ. ಹೊಡೆದರೆ ಮರಿ ಕೈಗೆ ಹೆದರುತ್ತದೆ. ಹೆದರಿದ ನಾಯಿ ಮುಂದೆ ನಿಜವಾಗಿ ಕಚ್ಚುತ್ತದೆ.
4. ಅಗಿಯಲು ಗಂಟು ಹಾಕಿದ ದಪ್ಪ ಹಗ್ಗ ನೀಡುವುದು. ಮಕ್ಕಳ ಹಳೆಯ ಬಟ್ಟೆ ನೀಡಬಾರದು. ಹಳೆಯದು, ಹೊಸದು ಎಂಬ ಭೇದ ಮರಿಗೆ ತಿಳಿಯದು.
5. ಉಣ್ಣುವ ಅಥವಾ ಮಲಗಿರುವ ಮರಿಯನ್ನು ಮುಟ್ಟದಂತೆ ಮಗುವಿಗೆ ತಿಳಿಸುವುದು.

ಹಲ್ಲು ತಾಗಿದರೆ

"ಮರಿ ತಾನೆ" ಎಂಬ ಉದಾಸೀನ ಸಲ್ಲದು. ಮರಿಗೂ ರೇಬೀಸ್ ಇರಬಹುದು. ರೋಗಲಕ್ಷಣ ಕಾಣಿಸಿಕೊಂಡ ನಂತರ ರೋಗಿ ಬದುಕುಳಿಯುವುದು ಅತಿ ವಿರಳ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಶಂಕಿತ ರೇಬೀಸ್ ಪ್ರಾಣಿಗಳಿಂದ ಕಚ್ಚಿಸಿಕೊಂಡವರಲ್ಲಿ ಶೇ. 40ರಷ್ಟು ಮಂದಿ 15 ವರ್ಷದೊಳಗಿನ ಮಕ್ಕಳು. ಕರ್ನಾಟಕದಲ್ಲಿ 2022ರಿಂದ ಮಾನವ ರೇಬೀಸ್ ಅಧಿಸೂಚಿತ ರೋಗವಾಗಿದೆ.

ಚರ್ಮ ತರಚಿದ್ದರೂ, ರಕ್ತ ಬಾರದಿದ್ದರೂ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯತಕ್ಕದ್ದು. ಸುಣ್ಣ, ಅರಿಶಿನ, ಮೆಣಸಿನಪುಡಿ ಹಚ್ಚಬಾರದು. ಅದೇ ದಿನ ಸಮೀಪದ ಸರ್ಕಾರಿ ಆಸ್ಪತ್ರೆಗೆ ತೆರಳಿ, ವೈದ್ಯರು ಸೂಚಿಸಿದ ಎಲ್ಲಾ ಲಸಿಕೆಗಳನ್ನು ತಪ್ಪದೆ ಪಡೆಯತಕ್ಕದ್ದು. ಮರಿಯನ್ನು ಕೊಲ್ಲದೆ, ಊರಾಚೆ ಬಿಡದೆ, 10 ದಿನ ಕಟ್ಟಿ ಗಮನಿಸುವುದು. ಆದರೆ ಅದಕ್ಕಾಗಿ ಮಗುವಿನ ಚಿಕಿತ್ಸೆಯನ್ನು ತಡಮಾಡಬಾರದು.

ಮರಿಗೆ ಲಸಿಕೆ

ಮರಿಗೆ 3 ತಿಂಗಳು ತುಂಬಿದ ಕೂಡಲೇ ಸಮೀಪದ ಪಶು ಆಸ್ಪತ್ರೆಯಲ್ಲಿ ರೇಬೀಸ್ ಲಸಿಕೆ ಹಾಕಿಸಿ, ಪಶುವೈದ್ಯರು ತಿಳಿಸಿದ ದಿನದಂದು ಮರುಲಸಿಕೆ, ತದನಂತರ ಪ್ರತಿ ವರ್ಷ ಲಸಿಕೆ ಹಾಕಿಸತಕ್ಕದ್ದು. ದಿನಾಂಕ ನಮೂದಿಸಿದ ಲಸಿಕೆ ಚೀಟಿಯನ್ನು ಜೋಪಾನವಾಗಿಟ್ಟು, ಮಗುವನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾದಾಗ ಹಾಜರುಪಡಿಸುವುದು.

ಬೈಗುಳಕ್ಕೆ ಹೆದರಿ, ಅಥವಾ ಮರಿಯನ್ನು ಕಳುಹಿಸಿಬಿಡುವರೆಂದು ಅಂಜಿ, ಮಕ್ಕಳು ಗಾಯವನ್ನು ಮುಚ್ಚಿಡುವುದುಂಟು. ಹೇಳದೆ ಉಳಿದ ಗಾಯಕ್ಕೆ ಚಿಕಿತ್ಸೆಯೂ ಇಲ್ಲ. ಆದ್ದರಿಂದ ಪ್ರತಿ ಸಂಜೆ ಕೈಕಾಲು ತೊಳೆಸುವಾಗ ಗಾಯವಿದೆಯೇ ಎಂದು ನೋಡಿ, ಗದರಿಸದೆ ವಿಚಾರಿಸಬೇಕೆಂದು ಪೋಷಕರಲ್ಲಿ ಕೋರಲಾಗಿದೆ.