ಎದೆಹಾಲು ಕುಡಿಯುವ ಮಗುವಿನ ತೂಕ: ಒಬ್ಬೊಬ್ಬರು ಒಂದೊಂದು ಹೇಳುವುದು ಏಕೆ?

ಮಗು ಹುಟ್ಟಿ ನಾಲ್ಕು ದಿನ. ತೂಕ ಇಳಿದಿದೆ, ಡಬ್ಬಿ ಹಾಲು ಶುರು ಮಾಡಿ ಎಂದು ಒಬ್ಬ ಡಾಕ್ಟರು ಹೇಳುತ್ತಾರೆ. ಇಳಿಯುವುದು ಸಹಜ, ಎದೆಹಾಲೇ ಸಾಕು ಎಂದು ಇನ್ನೊಬ್ಬರು. ಆಸ್ಪತ್ರೆಯ ನರ್ಸ್ ಮೂರು ಗಂಟೆಗೊಮ್ಮೆ ಕುಡಿಸಿ ಎಂದಿದ್ದರು, ಮನೆಗೆ ಬಂದ ಆಶಾ ಕಾರ್ಯಕರ್ತೆ ಗಡಿಯಾರ ನೋಡಬೇಡಿ, ಮಗು ಕೇಳಿದಾಗಲೆಲ್ಲ ಕೊಡಿ ಎನ್ನುತ್ತಾರೆ. ಅಷ್ಟರಲ್ಲಿ ಫ್ಯಾಮಿಲಿ ಗ್ರೂಪಿಗೆ 'ಯಾವ ತಿಂಗಳಿಗೆ ಮಗು ಎಷ್ಟು ಕೆಜಿ ಇರಬೇಕು' ಎಂಬ ಪಟ್ಟಿ ಬಂದು ಬೀಳುತ್ತದೆ. ಬಾಣಂತಿ ಯಾರ ಮಾತು ಕೇಳಬೇಕು?

ಇವರಲ್ಲಿ ಯಾರೋ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಎಂದುಕೊಳ್ಳಬೇಕಿಲ್ಲ. ಬಹಳ ಸಲ ಒಬ್ಬರು ಒಂದು ದಿನದ ತೂಕ ನೋಡಿ ಮಾತಾಡುತ್ತಾರೆ, ಇನ್ನೊಬ್ಬರು ಮಗುವನ್ನು ನೋಡಿ. ಹಾಗಾಗಿ ತೂಕದ ಅಂಕಿಯನ್ನು ಓದುವುದು ಹೇಗೆಂದು ಮೊದಲು ತಿಳಿಯೋಣ.

ಮೊದಲ ಎರಡು ವಾರ

ಹುಟ್ಟಿದ ಮಗುವಿನ ಮೈಯಲ್ಲಿ ಹೆಚ್ಚುವರಿ ನೀರಿರುತ್ತದೆ. ಮೊದಲ ದಿನಗಳಲ್ಲಿ ಅದು ಹೊರಹೋಗುತ್ತದೆ, ಹೊಟ್ಟೆಯಲ್ಲಿದ್ದ ಕಪ್ಪು ಮಲವೂ ಹೋಗುತ್ತದೆ. ಆಗ ತಾಯಿಗೆ ಬರುವುದು ಗಿಣ್ಣು ಹಾಲು, ಅದೂ ಸ್ವಲ್ಪವೇ. ಆದ್ದರಿಂದ ತೂಕ ಇಳಿಯುತ್ತದೆ. 3 ಕೆಜಿ ಇದ್ದ ಮಗು 200 ಗ್ರಾಂ ಕಳೆದುಕೊಂಡರೆ ಅದು ಸುಮಾರು 7%, ಸಾಮಾನ್ಯವಾಗಿ ಕಾಣುವ ಇಳಿಕೆಯೇ. ಸಿಸೇರಿಯನ್ ಆದ ಮಕ್ಕಳಲ್ಲಿ ಇನ್ನೂ ಸ್ವಲ್ಪ ಹೆಚ್ಚು ಇಳಿಯುವುದುಂಟು. ಹೆಚ್ಚಿನ ಮಕ್ಕಳು 10ರಿಂದ 14 ದಿನಗಳೊಳಗೆ ಹುಟ್ಟಿದಾಗಿನ ತೂಕಕ್ಕೆ ಮರಳುತ್ತಾರೆ.

ಇಳಿಕೆ 10% ಮುಟ್ಟಿದರೆ, ಅಂದರೆ ಇದೇ ಮಗು 300 ಗ್ರಾಂ ಕಳೆದುಕೊಂಡರೆ, ಅದೇ ದಿನ ಮಗುವನ್ನೂ ಅದು ಹಾಲು ಕುಡಿಯುವ ರೀತಿಯನ್ನೂ ಡಾಕ್ಟರು ಪರೀಕ್ಷಿಸಬೇಕು. ಪರೀಕ್ಷೆಯೇ ಇಲ್ಲದೆ ಡಬ್ಬಿ ಬರೆದುಕೊಡುವುದೂ ಸರಿಯಲ್ಲ, 'ಏನಾಗಲ್ಲ ಬಿಡಿ' ಎಂದು ಕಳಿಸುವುದೂ ಸರಿಯಲ್ಲ.

ಇನ್ನು ನರ್ಸ್ ಮತ್ತು ಆಶಾ ಕಾರ್ಯಕರ್ತೆಯ ಜಗಳ. ಇಬ್ಬರೂ ಸರಿ! ಮಗು ಕೇಳಿದಾಗಲೆಲ್ಲ ಕೊಡಬೇಕು, ದಿನಕ್ಕೆ 8ರಿಂದ 12 ಸಲ ಆಗಬಹುದು. ಆದರೆ ಮೊದಲ ವಾರಗಳಲ್ಲಿ ಕೆಲವು ಮಕ್ಕಳು ಕೇಳುವುದೇ ಇಲ್ಲ, ಮಲಗಿಯೇ ಇರುತ್ತವೆ. ಅಂಥ ಮಗುವನ್ನು ಮೂರು ಗಂಟೆ ದಾಟುವ ಮೊದಲು ಎಬ್ಬಿಸಿ ಕುಡಿಸಬೇಕು.

ಚಾರ್ಟಿನ ಕಥೆ

ಫಾರ್ವರ್ಡ್ ಪಟ್ಟಿಗಳಲ್ಲಿ ಒಂದು ತಿಂಗಳಿಗೆ ಒಂದೇ ಅಂಕಿ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಚಾರ್ಟ್ ಪ್ರಕಾರ 3 ತಿಂಗಳ ಗಂಡು ಮಗು 5 ಕೆಜಿಯಿಂದ 8 ಕೆಜಿವರೆಗೆ ಎಲ್ಲಿದ್ದರೂ ಸಾಮಾನ್ಯ ವ್ಯಾಪ್ತಿಯಲ್ಲೇ ಇರುತ್ತದೆ. ಹೆಣ್ಣು ಮಗುವಿಗೆ ಇದು 4.5ರಿಂದ 7.5 ಕೆಜಿ. ಪಕ್ಕದ ಮನೆಯ ಮಗು 7 ಕೆಜಿ, ನಮ್ಮದು ಐದೂವರೆ ಎಂದು ಕೊರಗುವವರು ಈ ಅಂತರವನ್ನು ಗಮನಿಸಬೇಕು.

ಈ ಚಾರ್ಟ್ ಬಂದದ್ದು 2006ರಲ್ಲಿ. ಅದಕ್ಕೂ ಮೊದಲು ಜಗತ್ತಿನ ಅನೇಕ ಕಡೆ ಬಳಕೆಯಲ್ಲಿದ್ದದ್ದು ಅಮೆರಿಕದ 1977ರ ಚಾರ್ಟ್. ಅದರಲ್ಲಿ ಹಸುಗೂಸುಗಳ ಅಂಕಿಗಳು ಬಂದದ್ದು ಓಹಾಯೋ ರಾಜ್ಯದ ಮಕ್ಕಳಿಂದ, ಅವರಲ್ಲಿ ಬಹುತೇಕರು ಬಾಟಲಿ ಹಾಲು ಕುಡಿದವರು. ಬಾಟಲಿ ಹಾಲಿನ ಮಕ್ಕಳು ಮೂರು ತಿಂಗಳ ನಂತರ ಎದೆಹಾಲಿನ ಮಕ್ಕಳಿಗಿಂತ ಬೇಗ ತೂಕ ಏರುತ್ತಾರೆ. ಆ ಚಾರ್ಟಿನ ಮೇಲೆ ಎದೆಹಾಲಿನ ಮಗುವಿನ ಗೆರೆ ಎಳೆದರೆ, ಚೆನ್ನಾಗಿ ಬೆಳೆಯುತ್ತಿರುವ ಮಗುವೂ ನಾಲ್ಕನೇ ತಿಂಗಳಿನಿಂದ 'ಹಿಂದೆ ಬಿದ್ದಂತೆ' ಕಾಣುತ್ತದೆ. ಎಷ್ಟೋ ತಾಯಂದಿರಿಗೆ 'ನಿಮ್ಮ ಹಾಲು ಸಾಲುತ್ತಿಲ್ಲ' ಎಂಬ ಮಾತು ಬಂದದ್ದು ಹೀಗೆ ಎಂದು ನಮಗೆ ಅನಿಸುತ್ತದೆ.

ಹೊಸ ಚಾರ್ಟಿಗಾಗಿ 1997ರಿಂದ 2003ರವರೆಗೆ ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್ ಮತ್ತು ಅಮೆರಿಕದ ಸುಮಾರು 8,500 ಮಕ್ಕಳನ್ನು ಅಳೆಯಲಾಯಿತು. ನಮ್ಮ ದೇಶದ ಮಕ್ಕಳು ದಕ್ಷಿಣ ದೆಹಲಿಯವರು. ಎದೆಹಾಲನ್ನೇ ಮಾದರಿಯಾಗಿ ಇಟ್ಟುಕೊಂಡು ಮಾಡಿದ ಲೆಕ್ಕ ಇದು. ಗಂಡು ಮಗು ಸರಾಸರಿ ಮೊದಲ ತಿಂಗಳಲ್ಲಿ ಒಂದು ಕೆಜಿಗೂ ಹೆಚ್ಚು ಏರುತ್ತದೆ, ಆರನೇ ತಿಂಗಳಲ್ಲಿ ಏರುವುದು ಸುಮಾರು 400 ಗ್ರಾಂ ಮಾತ್ರ. ವೇಗ ತಗ್ಗುವುದು ಬೆಳವಣಿಗೆಯ ಸ್ವಭಾವವೇ.

ತಾಯಿ ಕಾರ್ಡಿನಲ್ಲಿ ಹಸಿರು, ಹಳದಿ, ಕಿತ್ತಳೆ ಪಟ್ಟಿಗಳಿರುವುದು ಇದೇ ಚಾರ್ಟ್. ಒಂದು ಚುಕ್ಕೆಯಿಂದ ಹೆಚ್ಚೇನೂ ತಿಳಿಯುವುದಿಲ್ಲ. ಮೂರು ನಾಲ್ಕು ಚುಕ್ಕೆ ಸೇರಿಸಿದಾಗ ಗೆರೆ ತನ್ನ ದಾರಿಯಲ್ಲೇ ಏರುತ್ತಿದೆಯೇ, ಮಟ್ಟಸವಾಗಿದೆಯೇ, ಕೆಳಗಿಳಿದಿದೆಯೇ ಎಂಬುದು ಕಾಣುತ್ತದೆ. ಮಟ್ಟಸವಾದರೆ ಅಥವಾ ಇಳಿದರೆ ಕಾರಣ ಹುಡುಕಬೇಕು, ಚುಕ್ಕೆ ಹಸಿರಿನಲ್ಲೇ ಇದ್ದರೂ.

ಚುಕ್ಕೆ ಸರಿಯಿರಬೇಕಾದರೆ ತಕ್ಕಡಿ ಸರಿಯಿರಬೇಕಲ್ಲ? ಆಸ್ಪತ್ರೆಯ ಡಿಜಿಟಲ್ ತಕ್ಕಡಿ, ಆಶಾ ಕಾರ್ಯಕರ್ತೆಯ ಜೋಳಿಗೆ ತಕ್ಕಡಿ, ಕ್ಲಿನಿಕ್ಕಿನ ಇನ್ನೊಂದು, ಮೂರೂ ಒಂದೇ ಅಂಕಿ ತೋರಿಸುವುದಿಲ್ಲ. ಉಚ್ಚೆ ತುಂಬಿದ ಡೈಪರೇ 100 ಗ್ರಾಂ ದಾಟಬಹುದು. ಮೊದಲ ಮೂರು ತಿಂಗಳು ಮಗು ದಿನಕ್ಕೆ ಏರುವುದೇ 20ರಿಂದ 30 ಗ್ರಾಂ, ಅಂದರೆ ಒಂದು ಡೈಪರ್ ನಾಲ್ಕು ದಿನದ ಲೆಕ್ಕ ತಪ್ಪಿಸುತ್ತದೆ. ಒಂದೇ ತಕ್ಕಡಿ, ಬಟ್ಟೆ ಡೈಪರ್ ತೆಗೆದು ತೂಗಿ.

ಹಾಲು ಸಾಲುತ್ತಿದೆಯೇ?

ಮಗು ಅತ್ತರೆ ಹಾಲು ಕಡಿಮೆ ಎಂದರ್ಥವಲ್ಲ. ಸಂಜೆ ಹೊತ್ತು ಮತ್ತೆ ಮತ್ತೆ ಕೇಳುವುದು, ಕೆಲವು ವಾರಗಳ ನಂತರ ಮೊಲೆ ಮೆತ್ತಗಾಗುವುದು, ಇವೂ ಅಲ್ಲ. ಐದಾರು ದಿನ ತುಂಬಿದ ಮೇಲೆ ದಿನಕ್ಕೆ ಆರು ಸಲವಾದರೂ ತಿಳಿಯಾದ ಉಚ್ಚೆ ಮಾಡುತ್ತಿದೆಯೇ, ಮಲ ಹಳದಿಗೆ ತಿರುಗಿದೆಯೇ, ಕುಡಿಯುವಾಗ ನುಂಗುವ ಸದ್ದು ಕೇಳುತ್ತದೆಯೇ ನೋಡಿ. ಮಗುವಿನ ಬಾಯಿ ಅಗಲವಾಗಿ ತೆರೆದು, ತೊಟ್ಟಿನ ಸುತ್ತಲ ಕಪ್ಪು ಭಾಗವೂ ಬಾಯೊಳಗಿದ್ದು, ಗಲ್ಲ ಮೊಲೆಗೆ ತಾಗಿರಬೇಕು. ತೊಟ್ಟನ್ನಷ್ಟೇ ಚೀಪಿದರೆ ತಾಯಿಗೆ ನೋವು, ಮಗುವಿಗೆ ಹಾಲಿಲ್ಲ. ತೂಕ ಏರದ ಎಷ್ಟೋ ಮಕ್ಕಳಿಗೆ ಬೇಕಿರುವುದು ಇದೊಂದನ್ನು ಸರಿಮಾಡುವ ಕೈ.

ನಮಗೆ ಭಯ ಹುಟ್ಟಿಸುವುದು ಅಳುವ ಮಗುವಲ್ಲ. 'ತುಂಬಾ ಸಾಧು ಮಗು, ಅಳುವುದೇ ಇಲ್ಲ, ಯಾವಾಗಲೂ ನಿದ್ದೆ' ಎಂದು ಹೊಗಳಿಸಿಕೊಳ್ಳುವ ಮೊದಲ ವಾರದ ಕೂಸು. ಹಾಲು ಸಾಲದೆ ಬಳಲಿದ ಮಗುವಿಗೆ ಅಳುವ ಶಕ್ತಿಯೂ ಇರುವುದಿಲ್ಲ. ಮೈಯಲ್ಲಿ ನೀರು ಕಡಿಮೆಯಾಗಿ ರಕ್ತದಲ್ಲಿ ಸೋಡಿಯಂ ಏರಿದರೆ ಮಿದುಳಿಗೇ ಪೆಟ್ಟಾಗಬಹುದು. ಉಚ್ಚೆ ಕಡಿಮೆ, ಎಬ್ಬಿಸಿದರೂ ಕುಡಿಯುವುದಿಲ್ಲ, ಕಾಮಾಲೆ ಹೆಚ್ಚುತ್ತಿದೆ, ಮೈ ಬಿಸಿ ಅಥವಾ ತಣ್ಣಗಿದೆ ಎಂದರೆ ಗ್ರೂಪಿನಲ್ಲಿ ಕೇಳುತ್ತಾ ಕೂರಬೇಡಿ, ಆಸ್ಪತ್ರೆಗೆ ಹೊರಡಿ. ಬೇಸಿಗೆ ಎಂದು ನೀರು ಕುಡಿಸಬೇಡಿ. ಎದೆಹಾಲಿನಲ್ಲಿ 87%ಕ್ಕೂ ಹೆಚ್ಚು ನೀರೇ ಇದೆ, ಆರು ತಿಂಗಳವರೆಗೆ ಬೇರೆ ನೀರು ಬೇಕಿಲ್ಲ. ಜೇನುತುಪ್ಪವಂತೂ ಒಂದು ವರ್ಷ ತುಂಬುವವರೆಗೆ ಬೇಡವೇ ಬೇಡ.

ಮೇಲುಹಾಲು ಕೊಡಲೇಬೇಕಾದ ಮಕ್ಕಳೂ ಇದ್ದಾರೆ. ಅದರಿಂದ ತಾಯಿ ಸೋತಂತಲ್ಲ. ಆದರೆ ಒರತೆಯ ನೀರು ತೋಡಿದಷ್ಟೂ ಬರುವಂತೆ, ಎದೆಹಾಲು ಕುಡಿಸಿದಷ್ಟೂ ಬರುತ್ತದೆ. ಡಬ್ಬಿ ಹಾಲಿನಿಂದ ಹೊಟ್ಟೆ ತುಂಬಿದ ಮಗು ಮೊಲೆ ಚೀಪುವುದಿಲ್ಲ, ಹಾಲು ಇನ್ನೂ ತಗ್ಗುತ್ತದೆ. ಆದ್ದರಿಂದ ಮೊದಲು ತಾಯಿಯದೇ ಹಿಂಡಿದ ಹಾಲು, ಸಿಕ್ಕರೆ ಹಾಲಿನ ಬ್ಯಾಂಕಿನದು, ಆಮೇಲೆ ಡಬ್ಬಿ. ಬಾಟಲಿಗಿಂತ ಚೆನ್ನಾಗಿ ತೊಳೆದು ಕುದಿಸಿದ ಒಳಲೆ ಒಳ್ಳೆಯದು. ಅಂದಹಾಗೆ, ಡಬ್ಬಿ ಹಾಲಿನ ಜಾಹೀರಾತನ್ನು ನಮ್ಮ ದೇಶದಲ್ಲಿ 1992ರ ಕಾನೂನು ನಿಷೇಧಿಸಿದೆ. 'ಈ ಬ್ರ್ಯಾಂಡ್ ಕೊಟ್ಟರೆ ತೂಕ ಏರುತ್ತದೆ' ಎಂಬ ಫಾರ್ವರ್ಡ್ ಬಂದರೆ ಇದು ನೆನಪಿರಲಿ.

ಇಬ್ಬರು ಡಾಕ್ಟರು ಬೇರೆ ಬೇರೆ ಹೇಳಿದಾಗ ತಾಯಿ ಕಾರ್ಡ್ ಮುಂದಿಟ್ಟು, ಮಗು ಕುಡಿಯುವುದನ್ನು ಒಮ್ಮೆ ನೋಡಿ ಎಂದು ಕೇಳಿ. ಮೇಲುಹಾಲು ಬರೆದುಕೊಟ್ಟರೆ ಎಷ್ಟು ಮಿಲಿ, ದಿನಕ್ಕೆ ಎಷ್ಟು ಸಲ, ಯಾವಾಗ ನಿಲ್ಲಿಸಬೇಕು, ಮತ್ತೆ ಯಾವಾಗ ತೂಕ ನೋಡಬೇಕು ಎಂದು ಬರೆಸಿಕೊಳ್ಳಿ. ಮೊದಲ ವಾರದ ಕೂಸಾದರೆ ಒಂದೆರಡು ದಿನದಲ್ಲೇ ಮತ್ತೆ ತೂಗಬೇಕು, ಮುಂದಿನ ಲಸಿಕೆಯವರೆಗೆ ಕಾಯುವಂತಿಲ್ಲ.