ಆಣೆಗೆ ಮೊದಲು ಔಷಧ



ಇಷ್ಟಲಿಂಗವನ್ನು ಎದೆಯ ಮೇಲೆ ಧರಿಸುವ ವೀರಶೈವನಿಗೆ ಈ ಶರೀರವು ಕೇವಲ ಎಲುಬು ಮಾಂಸಗಳ ಗೂಡಲ್ಲ. ಅದು ಲಿಂಗಕ್ಕೆ ಪೀಠ. ಆ ಪೀಠವನ್ನು ಮಲಿನಗೊಳಿಸುವ ಮದ್ಯವನ್ನು ನಮ್ಮ ಪೂರ್ವಿಕರು ಆಚಾರಭಂಗವೆಂದು ದೂರವಿಟ್ಟರು. ಇದು ಎಲ್ಲರೂ ಬಲ್ಲ ಮಾತು. ಆದರೆ ಬಲ್ಲ ಮಾತ್ರಕ್ಕೆ ಮನೆಗಳು ಉಳಿಯಲಿಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕೂ ತಾಲ್ಲೂಕುಗಳಿಂದ ಮಠಕ್ಕೆ ಬರುವ ತಾಯಂದಿರು ಹಿಂದೆ ಮಳೆ ಬೆಳೆಯ ಮಾತು ತೆಗೆಯುತ್ತಿದ್ದರು. ಈಗ ಗಂಡನನ್ನೋ ಮಗನನ್ನೋ ಮುಂದೆ ನಿಲ್ಲಿಸಿ, “ಬುದ್ಧೀ, ಇವನ ಕೈಯಲ್ಲಿ ಗದ್ದುಗೆ ಮುಟ್ಟಿಸಿ ಆಣೆ ಹಾಕಿಸಿ” ಎಂದು ಕಣ್ಣೀರಿಡುತ್ತಾರೆ. ಈ ಆಣೆಯ ವಿಚಾರವಾಗಿಯೇ ಇಂದು ಕೆಲವು ಮಾತುಗಳನ್ನು ಹೇಳಬಯಸುತ್ತೇವೆ.

ನಮ್ಮದು ಬಯಲುಸೀಮೆ. ಮುಂಗಾರು ಕೈಕೊಟ್ಟರೆ ಶೇಂಗಾ ಹೋಯಿತು, ಶೇಂಗಾ ಹೋದರೆ ವರ್ಷದ ಗಂಜಿ ಹೋಯಿತು. ಇಂಥ ನೆಲದಲ್ಲಿ ಮನೆಯ ಯಜಮಾನ ದಿನವೂ ಕೂಲಿಯ ಅರ್ಧ ಹಣವನ್ನು ಕುಡಿತಕ್ಕೆ ಸುರಿದರೆ ಆ ಮನೆಗೆ ಬರಗಾಲ ಬರಲು ಆಕಾಶವನ್ನು ನೋಡಬೇಕಾಗಿಲ್ಲ. ಹೆಂಡತಿ ಸ್ತ್ರೀಶಕ್ತಿ ಸಂಘದಲ್ಲಿ ಹಸುವಿಗೆಂದು ತಂದ ಸಾಲ ಕರಗುತ್ತದೆ. ಮಗಳು ಶಾಲೆ ಬಿಡುತ್ತಾಳೆ. ಹೊಲ ಆಧಾರಕ್ಕೆ ಹೋಗುತ್ತದೆ. ಕೊನೆಗೆ ಯಕೃತ್ತು ಕೆಟ್ಟು, ಹೊಟ್ಟೆಯಲ್ಲಿ ನೀರು ತುಂಬಿ, ನಲವತ್ತು ದಾಟದ ಗಂಡಸು ಮುದಿ ತಾಯಿಯ ಕಣ್ಣೆದುರಿಗೆ ಕಣ್ಣು ಮುಚ್ಚುತ್ತಾನೆ.

ಕಾನೂನು ಇದನ್ನು ತಡೆಯದೇ ಎಂದು ಕೇಳುವವರುಂಟು. ಪಾನನಿಷೇಧಕ್ಕೆ ಯತ್ನಿಸಬೇಕೆಂದು ಸಂವಿಧಾನದ 47ನೆಯ ವಿಧಿಯೇ ಹೇಳುತ್ತದೆ. ಪಾವಗಡವನ್ನು ಮೂರು ಕಡೆ ಸುತ್ತುವರಿದಿರುವ ಆಂಧ್ರದಲ್ಲಿ, 1992ರಲ್ಲಿ ನೆಲ್ಲೂರು ಜಿಲ್ಲೆಯ ಹೆಣ್ಣುಮಕ್ಕಳು ಸಾರಾಯಿಯ ವಿರುದ್ಧ ಎದ್ದು ನಿಂತರು. 1995ರಲ್ಲಿ ಅಲ್ಲಿ ಪೂರ್ಣ ಪಾನನಿಷೇಧ ಬಂತು, 1997ರಲ್ಲಿ ಹೋಯಿತು. ನಮ್ಮ ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಕುಡಿಯುವವರು ಬೇರೆ ಮದ್ಯಕ್ಕೆ ಹೊರಳಿದರು. 2019ರ ಜನವರಿಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಹೆಣ್ಣುಮಕ್ಕಳು ಮದ್ಯನಿಷೇಧ ಬೇಡಿ, ಚಿತ್ರದುರ್ಗದಿಂದ ನಮ್ಮ ಶಿರಾದ ಹೆದ್ದಾರಿ ಹಿಡಿದು ಬೆಂಗಳೂರಿನವರೆಗೆ ಕಾಲ್ನಡಿಗೆಯಲ್ಲಿ ಹೋದರು. ಅವರ ಬೇಡಿಕೆ ನ್ಯಾಯವಾದದ್ದು. ಆದರೆ ಸರ್ಕಾರ ಅಂಗಡಿಯ ಬಾಗಿಲನ್ನು ಮುಚ್ಚಬಹುದೇ ಹೊರತು ಕುಡಿತಕ್ಕೆ ದಾಸನಾದವನ ರೋಗವನ್ನು ವಾಸಿಮಾಡಲಾರದು.

ಹೌದು, ರೋಗ. ಕುಡಿತದ ಆರಂಭ ಸಹವಾಸದೋಷವಿರಬಹುದು. ಆದರೆ ವರ್ಷಗಟ್ಟಲೆ ಕುಡಿದ ಮೇಲೆ ಮೆದುಳು ಮದ್ಯವಿಲ್ಲದೆ ನಡೆಯದ ಸ್ಥಿತಿಗೆ ಬರುತ್ತದೆ. ‘ಕುಡುಕನ ಮಾತು ಬೆಳಗಾದರೆ ಹೋಯಿತು’ ಎಂಬ ಗಾದೆಯನ್ನು ಹೇಳಿ ನಾವು ನಗುತ್ತೇವೆ. ಅವನ ಮಾತು ಸುಳ್ಳೆಂದಲ್ಲ. ಆಣೆ ಮಾಡುವಾಗ ಅವನ ಮನಸ್ಸು ನಿಜವಾಗಿಯೂ ಅಳುತ್ತಿರುತ್ತದೆ. ಬೆಳಗಾದಾಗ ನಡುಗುವ ಶರೀರ ಆ ಮನಸ್ಸನ್ನು ಸೋಲಿಸುತ್ತದೆ.

ಹಿರಿಯರು ಇಲ್ಲಿ ಒಂದು ಅಪಾಯವನ್ನು ಚೆನ್ನಾಗಿ ಮನಗಾಣಬೇಕು. ಬಹುಕಾಲ ವಿಪರೀತ ಕುಡಿದವನು ಆಣೆ ಹಾಕಿ ಒಮ್ಮೆಲೇ ಬಿಟ್ಟರೆ ಕೆಲವೇ ಗಂಟೆಗಳಲ್ಲಿ ಕೈ ನಡುಗುತ್ತದೆ, ಬೆವರು ಕಿತ್ತು ಬರುತ್ತದೆ, ನಿದ್ರೆ ಹಾರುತ್ತದೆ. ಮೊದಲ ಎರಡು ದಿನಗಳಲ್ಲಿ ಕೆಲವರಿಗೆ ಫಿಟ್ಸ್ ಬರುವುದುಂಟು. ಎರಡು, ಮೂರನೆಯ ದಿನದ ಹೊತ್ತಿಗೆ ಕೆಲವರು ಇಲ್ಲದ ದನಿ ಕೇಳುತ್ತಾರೆ, ಗೋಡೆಯ ಮೇಲೆ ಹುಳು ಹರಿದಂತೆ ಕಾಣುತ್ತಾರೆ, ಹೆತ್ತ ಮಕ್ಕಳ ಗುರುತನ್ನೂ ಮರೆಯುತ್ತಾರೆ. ಹಳ್ಳಿಯಲ್ಲಿ ಆಗ ಏನೆನ್ನುತ್ತಾರೆ? ಗಾಳಿ ಮೆಟ್ಟಿಕೊಂಡಿತು, ಆಣೆ ಇಟ್ಟ ದೇವರು ಮುನಿಯಿತು ಎನ್ನುತ್ತಾರೆ. ತಾಯತ ಕಟ್ಟಿಸಲು ಓಡುತ್ತಾರೆ. ಅದು ಗಾಳಿಯಲ್ಲ, ದೇವರ ಮುನಿಸೂ ಅಲ್ಲ. ಮದ್ಯ ನಿಂತದ್ದಕ್ಕೆ ಮೆದುಳು ತೋರುವ ಪ್ರತಿಕ್ರಿಯೆ ಅದು. ಚಿಕಿತ್ಸೆಯಿಲ್ಲದಿದ್ದರೆ ಪ್ರಾಣಕ್ಕೇ ಮುಳುವು. ವೈದ್ಯರು ಕೊಡುವ ಶಮನದ ಔಷಧಿ ಮತ್ತು ಬಿ1 ಜೀವಸತ್ವದ ಚುಚ್ಚುಮದ್ದಿನಿಂದ ಬಹುಮಂದಿ ಒಂದು ವಾರದೊಳಗೆ ಸುಧಾರಿಸಿಕೊಳ್ಳುತ್ತಾರೆ. ಆದ್ದರಿಂದ ನಾವು ಹೇಳುವುದಿಷ್ಟೆ: ಮೊದಲು ಔಷಧ, ಆಮೇಲೆ ಆಣೆ.

ಇನ್ನೊಂದು ಎಚ್ಚರಿಕೆ. ಕುಡಿತ ಬಿಡಿಸುತ್ತದೆಂದು ಯಾರೋ ಕೊಟ್ಟ ಪುಡಿಯನ್ನೋ ಮಾತ್ರೆಯನ್ನೋ ಗಂಡನಿಗೆ ತಿಳಿಯದಂತೆ ಸಾರಿನಲ್ಲಿ ಬೆರೆಸುವ ತಾಯಂದಿರಿದ್ದಾರೆ. ಅಂಥ ಒಂದು ಔಷಧಿಯ ಮೇಲೆ ಮದ್ಯ ಬಿದ್ದರೆ ವಾಂತಿಯಾಗಿ, ಎದೆ ಬಡಿತ ಏರಿ, ರಕ್ತದೊತ್ತಡ ಕುಸಿಯುತ್ತದೆ, ಜೀವವೇ ಹೋಗಬಹುದು. ರೋಗಿಗೆ ತಿಳಿಸಿ, ಅವನ ಒಪ್ಪಿಗೆ ಪಡೆದು, ವೈದ್ಯರ ಕಣ್ಗಾವಲಿನಲ್ಲಿಯೇ ಕೊಡಬೇಕಾದ ಔಷಧಿ ಅದು. ಪತಿಯ ಹಿತಕ್ಕೆಂದು ಮಾಡಿದ್ದು ಪತಿಗೆ ಮೃತ್ಯುವಾಗಬಾರದು.

ಕುಡುಕನನ್ನು ರೋಗಿಯೆಂದು ಕಾಣುವುದು ಹೇಗೆ ಎಂದು ನೀವು ಕೇಳಬಹುದು. ಕುಷ್ಠರೋಗವನ್ನು ನೆನೆಯಿರಿ. ಪೂರ್ವಜನ್ಮದ ಪಾಪವೆಂದು ಹೇಳಿ ಆ ರೋಗಿಗಳನ್ನು ಊರಾಚೆಗೆ ತಳ್ಳಿದ್ದನ್ನು ನಮ್ಮ ಹಿರಿಯರು ಕಂಡಿದ್ದಾರೆ. 1980ರ ದಶಕದಲ್ಲಿ ಬಹುಔಷಧ ಚಿಕಿತ್ಸೆ ಬಂದಿತು. ಪಾವಗಡದ ಸ್ವಾಮಿ ವಿವೇಕಾನಂದ ಸಮಗ್ರ ಗ್ರಾಮೀಣ ಆರೋಗ್ಯ ಕೇಂದ್ರದಂಥ ಸಂಸ್ಥೆಗಳು ಆ ರೋಗಿಗಳನ್ನು ಹತ್ತಿರ ಕರೆದು ಉಪಚರಿಸಿದವು. ಪಾಪವೆಂಬ ಮಾತು ಹಿಂದೆ ಸರಿದು ಗುಣವಾಗುವ ಕಾಯಿಲೆಯೆಂಬ ಮಾತು ಮುಂದೆ ಬಂತು. ಕುಡಿತದ ವಿಷಯದಲ್ಲಿ ನಾವಿನ್ನೂ ಹಳೆಯ ಮಾತಿನಲ್ಲಿಯೇ ನಿಂತಿದ್ದೇವೆ. 2019ರಲ್ಲಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ನೇತೃತ್ವದ ಸಮೀಕ್ಷೆ ಪ್ರಕಟವಾಯಿತು. ಅದರ ಪ್ರಕಾರ ದೇಶದಲ್ಲಿ ಮದ್ಯದ ತೊಂದರೆಗೆ ನೆರವು ಬೇಕಾದವರು 5 ಕೋಟಿ 70 ಲಕ್ಷದಷ್ಟು. ಮದ್ಯಕ್ಕೆ ದಾಸರಾದವರಲ್ಲಿ 38 ಮಂದಿಗೆ ಒಬ್ಬರಂತೆ ಮಾತ್ರ ಚಿಕಿತ್ಸೆ ದೊರೆತಿದೆ. ಉಳಿದ ಮೂವತ್ತೇಳು ಮಂದಿಗೆ ದೊರೆತದ್ದು ಬೈಗುಳ.

ನಮ್ಮ ಧರ್ಮದ ಪಂಚಾಚಾರಗಳಲ್ಲಿ ಗಣಾಚಾರವೂ ಉಂಟು, ಭೃತ್ಯಾಚಾರವೂ ಉಂಟು. ಅನಾಚಾರವನ್ನು ಸಹಿಸದಿರುವುದು ಗಣಾಚಾರ. ಶಿವಭಕ್ತರ ಮುಂದೆ ತಾನು ಕಿರಿಯನೆಂದು ಬಾಗಿ ಸೇವೆ ಮಾಡುವುದು ಭೃತ್ಯಾಚಾರ. ಕುಡುಕನಿಗೆ ದಂಡ ಹಾಕುವಾಗ, ಪಂಕ್ತಿಯಿಂದ ಏಳಿಸುವಾಗ ನಾವು ಗಣಾಚಾರವನ್ನು ನೆನೆಯುತ್ತೇವೆ. ಅವನನ್ನು ಆಸ್ಪತ್ರೆಗೆ ಕರೆದೊಯ್ಯುವಾಗ ಭೃತ್ಯಾಚಾರವನ್ನು ಮರೆಯುತ್ತೇವೆ. ಹನ್ನೆರಡನೆಯ ಶತಮಾನದ ಹೆಂಡದ ಮಾರಯ್ಯನವರು ಕುಡಿಯುವವರ ನಡುವೆಯೇ ನಿಂತು ಅವರ ಮನಸ್ಸನ್ನು ತಿರುಗಿಸಿದವರು. ನಮ್ಮ ಕಾಲದಲ್ಲಿ ಇಳಕಲ್ಲಿನ ಲಿಂಗೈಕ್ಯ ಡಾ. ಮಹಾಂತ ಶಿವಯೋಗಿಗಳವರು 1975ರಿಂದ ಜೋಳಿಗೆ ಹಿಡಿದು ಮನೆಮನೆಗೆ ನಡೆದರು. ಕಾಳುಕಡ್ಡಿ ಬೇಡಲಿಲ್ಲ, ನಿಮ್ಮ ದುಶ್ಚಟವನ್ನು ಇದಕ್ಕೆ ಹಾಕಿರೆಂದು ಬೇಡಿದರು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿ ಆಚರಿಸಲಾಗುತ್ತದೆ. ಕುಡುಕನ ಬಾಗಿಲಿಗೆ ತಾವೇ ನಡೆದು ಹೋದದ್ದು ಅವರ ದೊಡ್ಡಸ್ತಿಕೆ.

ಹಾಗಾದರೆ ಮಾಡಬೇಕಾದುದೇನು? ಬಿಡಲು ಒಪ್ಪಿದವನನ್ನು ಮೊದಲು ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಿರಿ. ಅಗತ್ಯವಿದ್ದರೆ ತುಮಕೂರಿನ ಜಿಲ್ಲಾಸ್ಪತ್ರೆಯೂ ಬೆಂಗಳೂರಿನ ನಿಮ್ಹಾನ್ಸ್ ಕೂಡ ಇವೆ. ದಾರಿ ತೋಚದಿದ್ದರೆ 14446 ಎಂಬ ವ್ಯಸನಮುಕ್ತಿ ಸಹಾಯವಾಣಿಗೋ, 14416 ಎಂಬ ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಂಖ್ಯೆಗೋ ಫೋನ್ ಮಾಡಿರಿ, ಹಣ ಕೊಡಬೇಕಾಗಿಲ್ಲ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಹಾಗೂ ಜನಜಾಗೃತಿ ವೇದಿಕೆಯವರು ನಡೆಸುವ ಎಂಟು ದಿನಗಳ ಮದ್ಯವರ್ಜನ ಶಿಬಿರಗಳೂ ಉಂಟು. ಶಿಬಿರ ಮುಗಿದ ಮೇಲೆ, ಬಿಟ್ಟವರು ಕೂಡಿ ಕುಳಿತು ಒಬ್ಬರನ್ನೊಬ್ಬರು ಕಾಯುವ ಪದ್ಧತಿಯನ್ನು ಅವರು ಇಟ್ಟಿದ್ದಾರೆ. ಕುಡಿತ ಬಿಟ್ಟವನೇ ಬಿಡಬೇಕಾದವನಿಗೆ ಆಸರೆಯಾಗುವ ಈ ಕ್ರಮವನ್ನು ಅಮೆರಿಕದಲ್ಲಿ 1935ರಲ್ಲಿಯೇ ಆಲ್ಕೋಹಾಲಿಕ್ಸ್ ಅನಾನಿಮಸ್ ಎಂಬ ಕೂಟದವರು ಆರಂಭಿಸಿದರು. ಸತ್ಸಂಗದ ಮಹಿಮೆ ಎಲ್ಲ ದೇಶದಲ್ಲಿಯೂ ಒಂದೇ.

ಮಿಕ್ಕದ್ದು ಊರಿನ ಹೊಣೆ. ಬಿಟ್ಟು ಬಂದವನಿಗೆ ಮೊದಲ ವಾರವೇ ಕೆಲಸ ಕೊಡಿರಿ. ಖಾಲಿ ಕೈ ಮತ್ತೆ ಸೀಸೆಯನ್ನು ಹುಡುಕುತ್ತದೆ. ಬೀಗರೂಟದಲ್ಲಿ, ಜಾತ್ರೆಯಲ್ಲಿ, ಚುನಾವಣೆಯಲ್ಲಿ ಕುಡಿಸುವ ಪದ್ಧತಿಯನ್ನು ಹಿರಿಯರೇ ನಿಲ್ಲಿಸಿರಿ. ಪೆಟ್ಟಿಗೆ ಅಂಗಡಿಯಲ್ಲಿ ಕದ್ದು ಮಾರುವವರ ವಿಷಯದಲ್ಲಿ ನಿಮ್ಮ ಗಣಾಚಾರವನ್ನು ತೋರಿಸಿರಿ. ಅದಕ್ಕೆ ತಕ್ಕ ಜಾಗ ಅದು. ಬಿಟ್ಟವನು ಮತ್ತೆ ಒಮ್ಮೆ ಎಡವಿದರೆ ನಗಬೇಡಿರಿ. ಮತ್ತೆ ಆಸ್ಪತ್ರೆಗೆ ಕರೆದೊಯ್ಯಿರಿ. ಔಷಧದಿಂದ ಶರೀರ ನೆಲೆಗೆ ಬಂದ ಮೇಲೆ ಅವನನ್ನು ಗದ್ದುಗೆಯ ಬಳಿಗೆ ಕರೆತನ್ನಿರಿ. ಆಗ ಅವನು ಮಾಡುವ ಆಣೆ ನಡುಗದ ಕೈಯಿಂದ ಮಾಡಿದ್ದಾಗಿರುತ್ತದೆ.

ಹಿರಿಯರ ಬಾಯಲ್ಲಿ ಮಧುಗಿರಿಗೆ ಮದ್ದಗಿರಿಯೆಂದೇ ಹೆಸರು. ಹೆಸರಿನ ಮೂಲ ಏನೇ ಇರಲಿ, ಆ ಮಾತು ಕೇಳಿದಾಗ ನಮಗೆ ಮದ್ದಿನ ನೆನಪಾಗುತ್ತದೆ. ಈ ಸೀಮೆಯ ಮನೆಮನೆಗೂ ಮದ್ದು ಮುಟ್ಟಲಿ, ತಾಯಂದಿರ ಕಣ್ಣೀರು ಒಣಗಲಿ, ಒಲೆಗಳು ಹೊತ್ತಿಗೆ ಸರಿಯಾಗಿ ಉರಿಯಲಿ ಎಂದು ಶ್ರೀ ಜಗದ್ಗುರುವಿನಲ್ಲಿ ಪ್ರಾರ್ಥಿಸಿ ಸಕಲ ಸದ್ಭಕ್ತರನ್ನೂ ಆಶೀರ್ವದಿಸುತ್ತೇವೆ.